ಅಂತರಜಾಲದ ಹಾಡು: ಹೆಸರು ಒಂದೇ, ತೂಕ ಬೇರೆ

ಸರಕು ಕೊಳ್ಳುವಾಗ ಅದರ ತೂಕ, ಅಳತೆ ಹಾಗೂ ದರ್ಜೆಯನ್ನು ವಿಚಾರಿಸದ ವರ್ತಕರಿಲ್ಲ. ಅಡಕೆ ಮಂಡಿಯಲ್ಲಿ ರಾಶಿಗೆ ಒಂದು ದರ, ಬೆಟ್ಟೆಗೆ ಇನ್ನೊಂದು ದರ, ಗೊರಬಲಿಗೆ ಮತ್ತೊಂದು. ಆದರೆ ಅಂತರಜಾಲದಿಂದ ಹಾಡನ್ನು ಇಳಿಸಿಕೊಳ್ಳುವಾಗ ಅದೇ ವರ್ತಕರು ದರ್ಜೆಯ ಬಗ್ಗೆ ವಿಚಾರಿಸುವುದು ವಿರಳ. ಒಬ್ಬರೇ ಗಾಯಕರ ಒಂದೇ ಹಾಡು ಒಂದೆಡೆ 5 ಮೆಗಾಬೈಟ್, ಇನ್ನೊಂದೆಡೆ 12 ಮೆಗಾಬೈಟ್, ಮತ್ತೊಂದೆಡೆ 30 ಮೆಗಾಬೈಟ್ ಗಾತ್ರದಲ್ಲಿ ದೊರೆಯುತ್ತದೆ. ಈ ವ್ಯತ್ಯಾಸಕ್ಕೆ ಧ್ವನಿಯನ್ನು ಕುಗ್ಗಿಸುವ ತಂತ್ರಜ್ಞಾನವೇ ಕಾರಣ. ಅದರ ಲೆಕ್ಕಾಚಾರವನ್ನು ತಿಳಿದಿರುವುದು ಸಂಗೀತಪ್ರಿಯರಿಗೆ ಮಾತ್ರವಲ್ಲ, ಜಾಹೀರಾತಿಗಾಗಿ ಧ್ವನಿಮುದ್ರಣ ಮಾಡಿಸುವ ಉದ್ಯಮಿಗಳಿಗೂ ಉಪಯುಕ್ತ.

ಗಾತ್ರದ ಲೆಕ್ಕ

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯನ್ನು ಮೂಲ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಸಿ.ಡಿ.ಯಲ್ಲಿ ಧ್ವನಿಯನ್ನು ಪ್ರತಿ ಸೆಕೆಂಡಿಗೆ 44,100 ಬಾರಿ ಅಳೆಯಲಾಗುತ್ತದೆ. ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ ದಾಖಲಿಸಲಾಗುತ್ತದೆ. ಎಡ ಮತ್ತು ಬಲ ಎಂಬ ಎರಡು ವಾಹಿನಿಗಳನ್ನು ಸೇರಿಸಿದರೆ ಸೆಕೆಂಡಿಗೆ 14,11,200 ಬಿಟ್‌ಗಳಾಗುತ್ತವೆ. ಈ ಲೆಕ್ಕದಂತೆ ಐದು ನಿಮಿಷಗಳ ಹಾಡಿಗೆ ಸುಮಾರು 53 ಮೆಗಾಬೈಟ್ ಸ್ಥಳ ಬೇಕು. ದೂರವಾಣಿ ತಂತಿಯ ಮೂಲಕ ಸೆಕೆಂಡಿಗೆ 56 ಕಿಲೋಬಿಟ್ ವೇಗದಲ್ಲಿ ಸಾಗುತ್ತಿದ್ದ ಅಂದಿನ ಸಂಪರ್ಕದಲ್ಲಿ ಇಷ್ಟನ್ನು ತರಿಸಿಕೊಳ್ಳಲು, ಯಾವ ಅಡಚಣೆಯೂ ಇಲ್ಲದಿದ್ದರೆ, ಎರಡು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತಿತ್ತು.

ಈ ತೊಡಕಿಗೆ ಪರಿಹಾರ ಬಂದದ್ದು ಜರ್ಮನಿಯಿಂದ. ಎರ್ಲಾಂಗನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡನ್‌ಬುರ್ಗ್ ಮತ್ತು ಸಹೋದ್ಯೋಗಿಗಳು ರೂಪಿಸಿದ ಕ್ರಮದಲ್ಲಿ ಸೆಕೆಂಡಿಗೆ 128 ಕಿಲೋಬಿಟ್‌ಗಳಷ್ಟು ಮಾಹಿತಿ ಸಾಕಾಯಿತು. ಅದೇ ಐದು ನಿಮಿಷಗಳ ಹಾಡು 4.8 ಮೆಗಾಬೈಟ್‌ಗೆ, ಅಂದರೆ ಹನ್ನೊಂದನೆಯ ಒಂದು ಪಾಲಿಗೆ ಇಳಿಯಿತು. ಈ ಕಡತಗಳಿಗೆ 'ಎಂಪಿ3' ಎಂಬ ಹೆಸರು ನಿಗದಿಯಾದದ್ದು 1995ರ ಜುಲೈ 14ರಂದು. ಅದೇ ವರ್ಷದ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮ್ ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ಆರಂಭಿಸಿತು. ಮುಂದೆ ನಮ್ಮ ಪೇಟೆಗಳಲ್ಲಿ ನೂರಕ್ಕೂ ಮಿಕ್ಕ ಚಿತ್ರಗೀತೆಗಳಿರುವ ಒಂದೇ ಎಂಪಿ3 ಸಿ.ಡಿ. ಮಾರಾಟವಾಗಲು ಈ ಹನ್ನೊಂದನೆಯ ಒಂದು ಪಾಲಿನ ಲೆಕ್ಕವೇ ಕಾರಣ.

ಬಿಟ್ಟುಹೋಗುವುದು ಏನು?

ಮಗ್ಗಗಳು ಓಡುತ್ತಿರುವಾಗ ಗೋಡೆಯ ಗಡಿಯಾರದ ಟಿಕ್ ಟಿಕ್ ಕೇಳಿಸದು. ಗಡಿಯಾರ ನಿಂತಿಲ್ಲ, ದೊಡ್ಡ ಸದ್ದು ಸಣ್ಣ ಸದ್ದನ್ನು ಮುಚ್ಚಿದೆ. ಎಂಪಿ3 ಕ್ರಮವು ಮಾನವ ಕಿವಿಯ ಈ ಮಿತಿಯನ್ನೇ ಬಂಡವಾಳವಾಗಿಸಿಕೊಂಡಿದೆ. ಪ್ರಬಲ ಸ್ವರದ ಹಿಂದೆ ಅಡಗುವ ಕ್ಷೀಣ ಸ್ವರಗಳನ್ನು ಅದು ಕೈಬಿಡುತ್ತದೆ, ಇಲ್ಲವೇ ಒರಟಾಗಿ ದಾಖಲಿಸುತ್ತದೆ. ಕಿವಿ ಗ್ರಹಿಸಬಲ್ಲ ಕಂಪನಗಳ ಮೇಲ್ಮಿತಿ ಸೆಕೆಂಡಿಗೆ ಸುಮಾರು 20,000 ಇದ್ದರೂ, 128 ಕಿಲೋಬಿಟ್ ದರದಲ್ಲಿ ಸಾಮಾನ್ಯವಾಗಿ 16,000ಕ್ಕಿಂತ ಮೇಲಿನವುಗಳನ್ನು ತೆಗೆದುಹಾಕಲಾಗುತ್ತದೆ.

ದರ ಸಾಲದಾದಾಗ ದೋಷಗಳು ಹೊರಬೀಳುತ್ತವೆ. ತಾಳದ ಝಣಕಾರ ಮಂಕಾಗುತ್ತದೆ. ಮೃದಂಗದ ಚೂಪಾದ ಪೆಟ್ಟಿಗೆ ಮುನ್ನವೇ ಮಸುಕು ಸದ್ದೊಂದು ಸುಳಿಯುತ್ತದೆ. ಸಭಿಕರ ಚಪ್ಪಾಳೆ ನೀರು ಕಲಕಿದಂತೆ ಕೇಳುತ್ತದೆ. ವಾದ್ಯಗಳಿಲ್ಲದ ಒಂಟಿ ಕಂಠವೂ ಕಠಿಣ ಪರೀಕ್ಷೆಯೇ. ಬ್ರಾಂಡನ್‌ಬುರ್ಗ್ ಅವರು ಅಮೆರಿಕದ ಗಾಯಕಿ ಸುಝಾನ್ ವೇಗಾ ಅವರ 'ಟಾಮ್ಸ್ ಡೈನರ್' ಗೀತೆಯನ್ನು ಮತ್ತೆ ಮತ್ತೆ ಕೇಳಿ ತಮ್ಮ ಕ್ರಮವನ್ನು ತಿದ್ದಿದ್ದು ಇದೇ ಕಾರಣಕ್ಕೆ. ದರವನ್ನು 256 ಅಥವಾ 320 ಕಿಲೋಬಿಟ್‌ಗೆ ಏರಿಸಿದರೆ ಬಹುತೇಕ ಕೇಳುಗರಿಗೆ ಸಿ.ಡಿ.ಗೂ ಎಂಪಿ3ಗೂ ವ್ಯತ್ಯಾಸ ಗುರುತಿಸುವುದು ಕಷ್ಟ ಎಂಬುದನ್ನೂ ಹೇಳಬೇಕು.

ಕಿರ್ದಿ ಮತ್ತು ಅಢಾವೆ ಪತ್ರಿಕೆ

ಕುಗ್ಗಿಸುವ ಕ್ರಮಗಳಲ್ಲಿ ಎರಡು ಬಗೆ. ಒಂದೇ ಗಿರಾಕಿಯ ಹೆಸರು ಹತ್ತು ಸಾಲುಗಳಲ್ಲಿ ಬಂದರೆ ಗುಮಾಸ್ತರು ಎರಡನೆಯ ಸಾಲಿನಿಂದ 'ಸದರಿ' ಎಂದಷ್ಟೇ ಬರೆಯುತ್ತಾರೆ. ಜಾಗ ಉಳಿಯುತ್ತದೆ, ವಿವರ ನಷ್ಟವಾಗದು. 2001ರಲ್ಲಿ ಬಿಡುಗಡೆಯಾದ 'ಫ್ಲ್ಯಾಕ್' ಈ ಬಗೆಯದು. ಅದು ಸಿ.ಡಿ.ಯ ಧ್ವನಿಯನ್ನು ಸಾಮಾನ್ಯವಾಗಿ ಅರ್ಧದ ಆಸುಪಾಸಿಗೆ ಇಳಿಸುತ್ತದೆ. ಬಿಡಿಸಿದಾಗ ಒಂದು ಬಿಟ್ ಕೂಡ ವ್ಯತ್ಯಾಸವಾಗದು.

ಎಂಪಿ3 ಹಾಗಲ್ಲ. ಕಿರ್ದಿ, ಖಾತೆಗಳಿಂದ ಅಢಾವೆ ಪತ್ರಿಕೆಯನ್ನು ಸಿದ್ಧಪಡಿಸಬಹುದು. ಅಢಾವೆ ಪತ್ರಿಕೆಯನ್ನು ಮುಂದಿಟ್ಟುಕೊಂಡು ಕಿರ್ದಿಯನ್ನು ಮರಳಿ ಬರೆಯಲಾಗದು. ಅಂತೆಯೇ 128 ಕಿಲೋಬಿಟ್ ಕಡತವನ್ನು 320ಕ್ಕೆ ಪರಿವರ್ತಿಸಿದರೆ ಗಾತ್ರ 4.8ರಿಂದ 12 ಮೆಗಾಬೈಟ್‌ಗೆ ಏರುತ್ತದೆಯೇ ಹೊರತು, ಬಿಟ್ಟುಹೋದ ಧ್ವನಿ ಹಿಂದಿರುಗದು. ಹಾಲಿಗೆ ನೀರು ಬೆರೆಸಿದರೆ ಅಳತೆ ಹೆಚ್ಚುತ್ತದೆ, ಹಾಲು ಹೆಚ್ಚದು. ಆದುದರಿಂದ ಕಡತದ ಮೇಲಿನ '320' ಎಂಬ ಚೀಟಿಯೊಂದೇ ಗುಣಮಟ್ಟಕ್ಕೆ ಸಾಕ್ಷಿಯಲ್ಲ. ಅದನ್ನು ಯಾವ ಮೂಲದಿಂದ ಸಿದ್ಧಪಡಿಸಲಾಗಿದೆ ಎಂಬುದು ಮುಖ್ಯ.

ಒಂದೇ ಹಾಡಿಗೆ ಎರಡು ಬಾರಿ ಹಣ

ಇದರ ವಾಣಿಜ್ಯ ಪರಿಣಾಮವನ್ನು ಅಮೆರಿಕದ ಆಪಲ್ ಸಂಸ್ಥೆಯ ವ್ಯವಹಾರದಲ್ಲಿ ಸ್ಪಷ್ಟವಾಗಿ ಕಾಣಬಹುದು. 2003ರ ಏಪ್ರಿಲ್ 28ರಂದು ಆರಂಭವಾದ ಅದರ ಐಟ್ಯೂನ್ಸ್ ಮಳಿಗೆಯು ಎಂಪಿ3ಗಿಂತ ಸುಧಾರಿತವಾದ ಎಎಸಿ ಕ್ರಮದಲ್ಲಿ, 128 ಕಿಲೋಬಿಟ್ ದರದಲ್ಲಿ, ಹಾಡೊಂದನ್ನು 99 ಸೆಂಟ್‌ಗೆ ಮಾರಿತು. ನಕಲು ತಡೆಯುವ ಬೀಗವೂ ಅದಕ್ಕಿತ್ತು. ಮೊದಲ ವಾರದಲ್ಲೇ ಹತ್ತು ಲಕ್ಷ ಹಾಡುಗಳು ಮಾರಾಟವಾದವು. ಗ್ರಾಹಕರು ಗುಣಮಟ್ಟಕ್ಕಿಂತ ಅನುಕೂಲಕ್ಕೆ ಬೆಲೆ ತೆತ್ತಿದ್ದರು.

2007ರ ಮೇ ತಿಂಗಳಲ್ಲಿ ಇಎಂಐ ಸಂಸ್ಥೆಯ ಹಾಡುಗಳು 256 ಕಿಲೋಬಿಟ್ ದರದಲ್ಲಿ, ಬೀಗವಿಲ್ಲದೆ, 1.29 ಡಾಲರ್‌ಗೆ ಬಂದವು. ಮೊದಲೇ ಕೊಂಡಿದ್ದವರು ಉತ್ತಮ ಪ್ರತಿಗಾಗಿ ಹಾಡೊಂದಕ್ಕೆ 30 ಸೆಂಟ್ ಹೆಚ್ಚುವರಿಯಾಗಿ ಕೊಡಬೇಕಾಯಿತು. ತಮ್ಮಲ್ಲಿದ್ದ ಪ್ರತಿಯಿಂದ ಅದನ್ನು ತಾವೇ ತಯಾರಿಸಿಕೊಳ್ಳುವ ಮಾರ್ಗ ಅವರಿಗಿರಲಿಲ್ಲ. ಮೂಲ ಮುದ್ರಣವನ್ನು ಕೈಯಲ್ಲಿಟ್ಟುಕೊಂಡ ಧ್ವನಿಮುದ್ರಣ ಸಂಸ್ಥೆಗಳಾದರೋ ಅದೇ ಹಾಡನ್ನು ಧ್ವನಿಸುರುಳಿ, ಸಿ.ಡಿ., ಕುಗ್ಗಿಸಿದ ಕಡತ ಎಂದು ಮತ್ತೆ ಮತ್ತೆ ಮಾರಿದವು.

ಗುಣಮಟ್ಟದ ಹೆಸರಿನಲ್ಲಿ ಪಡೆಯುತ್ತಿದ್ದ ಹೆಚ್ಚುವರಿ ಬೆಲೆ ಮಾತ್ರ ಬಹುಕಾಲ ನಿಲ್ಲಲಿಲ್ಲ. ಅಮೆಜಾನ್ ಸಂಸ್ಥೆಯು 2019ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದ ನಷ್ಟರಹಿತ ಧ್ವನಿಯ ಸೇವೆಗೆ ತಿಂಗಳಿಗೆ 5 ಡಾಲರ್ ಅಧಿಕ ಶುಲ್ಕವಿತ್ತು. 2021ರ ಮೇ 17ರಂದು ಆಪಲ್ ಅದೇ ಗುಣಮಟ್ಟವನ್ನು ಅಧಿಕ ಶುಲ್ಕವಿಲ್ಲದೆ ನೀಡುವುದಾಗಿ ಪ್ರಕಟಿಸಿದ ದಿನವೇ ಅಮೆಜಾನ್ ಕೂಡ ತನ್ನ ಅಧಿಕ ಶುಲ್ಕವನ್ನು ಕೈಬಿಟ್ಟಿತು. ಎಂಪಿ3 ಪೇಟೆಂಟ್‌ಗಳ ಪರವಾನಗಿ ಕಾರ್ಯಕ್ರಮವಂತೂ 2017ರ ಏಪ್ರಿಲ್ 23ರಂದೇ ಮುಕ್ತಾಯಗೊಂಡಿತ್ತು. ತಂತ್ರಜ್ಞಾನದ ಬೆಲೆ, ಗುಣಮಟ್ಟದ ಬೆಲೆ ಎರಡೂ ಕರಗಿದವು. ಮೂಲ ಮುದ್ರಣದ ಬೆಲೆ ಉಳಿಯಿತು.

ವರ್ತಕರು ಗಮನಿಸಬೇಕಾದದ್ದು

ಸಣ್ಣ ಉದ್ಯಮಿಯೊಬ್ಬರು ತಮ್ಮ ಉತ್ಪನ್ನಕ್ಕೆ ಜಾಹೀರಾತು ಗೀತೆಯನ್ನು ಮಾಡಿಸಿದಾಗ ಸ್ಟುಡಿಯೋದವರು ಸಾಮಾನ್ಯವಾಗಿ ಎಂಪಿ3 ಪ್ರತಿಯನ್ನು ಮೊಬೈಲಿಗೆ ಕಳುಹಿಸುತ್ತಾರೆ. ಅದು ಅಢಾವೆ ಪತ್ರಿಕೆ ಮಾತ್ರ. ಎರಡು ವರ್ಷಗಳ ನಂತರ ಅದೇ ಗೀತೆಯನ್ನು ಚಿತ್ರಮಂದಿರಕ್ಕೋ ದೂರದರ್ಶನಕ್ಕೋ ಹೊಂದಿಸಬೇಕಾದಾಗ ಮೂಲ ಬೇಕಾಗುತ್ತದೆ; ಸ್ಟುಡಿಯೋ ಮುಚ್ಚಿದ್ದರೆ ಪುನಃ ಧ್ವನಿಮುದ್ರಣದ ಖರ್ಚು ಬೀಳುತ್ತದೆ. ಆದಕಾರಣ ಅಂತಿಮ ಹಣ ಪಾವತಿಗೆ ಮುನ್ನ ಕುಗ್ಗಿಸದ 'ವೇವ್' ಕಡತವನ್ನು, ಸಾಧ್ಯವಾದರೆ ಗಾಯನ ಮತ್ತು ವಾದ್ಯಗಳ ಪ್ರತ್ಯೇಕ ಕಡತಗಳನ್ನು ಪಡೆದು, ಎರಡು ಕಡೆ ಜೋಪಾನ ಮಾಡುವುದು ಲೇಸು. ಕೆಲಸದ ಆದೇಶಪತ್ರದಲ್ಲಿಯೇ ಈ ಷರತ್ತನ್ನು ನಮೂದಿಸಬಹುದು.

ಹಕ್ಕಿನ ವಿಷಯದಲ್ಲೂ ಎಚ್ಚರ ಅಗತ್ಯ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಪ್ರಕರಣದಂತೆ ಕೃತಿಸ್ವಾಮ್ಯದ ವರ್ಗಾವಣೆ ಲಿಖಿತವಾಗಿದ್ದು, ಸಹಿ ಹೊಂದಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ವ್ಯಾಪ್ತಿಯನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಪರಿಗಣಿಸಲಾಗುತ್ತದೆ. ರಫ್ತು ಮಾರುಕಟ್ಟೆಯನ್ನು ಎದುರು ನೋಡುವವರು ಈ ಎರಡನ್ನೂ ಬರೆಯಿಸಿಕೊಳ್ಳಬೇಕು.

ಇನ್ನು ಸ್ವಂತಕ್ಕೆ ಸಂಗೀತ ಕೇಳುವವರು. ಅಂಗಡಿಯ ಗದ್ದಲದಲ್ಲಿ, ಪ್ರಯಾಣದಲ್ಲಿ 128 ಕಿಲೋಬಿಟ್ ಕಡತವೇ ಕೆಲಸ ನಡೆಸುತ್ತದೆ. ತಂತಿರಹಿತ ಬ್ಲೂಟೂತ್ ಸಾಧನಗಳು ಸಾಮಾನ್ಯವಾಗಿ ಧ್ವನಿಯನ್ನು ಮತ್ತೊಮ್ಮೆ ಕುಗ್ಗಿಸುವುದರಿಂದ ಅವುಗಳ ಮೂಲಕ ಕೇಳುವವರಿಗೆ ನಷ್ಟರಹಿತ ಕಡತದ ಪೂರ್ಣ ಪ್ರಯೋಜನ ದೊರೆಯದು. ಆದರೆ ಮನೆಯಲ್ಲಿರುವ ಹಳೆಯ ಧ್ವನಿಸುರುಳಿಗಳನ್ನು, ಹಿರಿಯರ ಕಂಠವಿರುವ ಮುದ್ರಣಗಳನ್ನು ಗಣಕಕ್ಕೆ ವರ್ಗಾಯಿಸುವವರು ವೇವ್ ಅಥವಾ ಫ್ಲ್ಯಾಕ್ ರೂಪದಲ್ಲೇ ಸಂಗ್ರಹಿಸಬೇಕು. ಬಂಧುಗಳಿಗೆ ಹಂಚಲು ಅದರಿಂದ ಎಷ್ಟು ಎಂಪಿ3 ಪ್ರತಿಗಳನ್ನಾದರೂ ತೆಗೆಯಬಹುದು. ಸುರುಳಿ ಹಾಳಾದ ಮೇಲೆ ಉಳಿಯುವುದು ಆ ಒಂದು ಕಡತವೇ.