ಗೆಲುವಿನಲ್ಲೇ ಕೈಗವಸು ಕಳಚಿದ ಖಾವೊಸಾಯ್

1991ರ ಡಿಸೆಂಬರ್. ಬ್ಯಾಂಕಾಕ್ ನಗರದ ಬಾಕ್ಸಿಂಗ್ ಕಣದಲ್ಲಿ ಹನ್ನೆರಡನೆಯ ಸುತ್ತು ಮುಗಿದ ಗಂಟೆ ಬಾರಿಸಿತು. ಎದುರಾಳಿ, ಮೆಕ್ಸಿಕೊದ ಅರ್ಮಾಂಡೊ ಕ್ಯಾಸ್ಟ್ರೊ, ಇನ್ನೂ ತನ್ನ ಕಾಲ ಮೇಲೆಯೇ ನಿಂತಿದ್ದ. ಖಾವೊಸಾಯ್ ಗ್ಯಾಲಕ್ಸಿಯ ಪಂದ್ಯಗಳಲ್ಲಿ ಇದು ಅಪರೂಪದ ನೋಟ. ವಿಶ್ವ ಪಟ್ಟ ಉಳಿಸಿಕೊಳ್ಳಲು ಆತ ಅದಕ್ಕೆ ಮೊದಲು ಹದಿನೆಂಟು ಬಾರಿ ಕಣಕ್ಕಿಳಿದಿದ್ದ. ಅದರಲ್ಲಿ ಹದಿನಾರು ಬಾರಿ ಎದುರಾಳಿ ಪಂದ್ಯ ಮುಗಿಯುವ ಮೊದಲೇ ನೆಲಕಚ್ಚಿದ್ದ. ಈ ಸಲ ತೀರ್ಪುಗಾರರ ಅಂಕಗಳನ್ನು ಕಾಯಬೇಕಾಯಿತು. ಅಂಕಗಳು ಖಾವೊಸಾಯ್ ಪರವಾಗಿಯೇ ಬಂದವು. ಹತ್ತೊಂಬತ್ತನೆಯ ಬಾರಿಗೆ ಪಟ್ಟ ಉಳಿಯಿತು.

ಆನಂತರ ಆತ ಕೈಗವಸುಗಳನ್ನು ಕಳಚಿಟ್ಟ. ಮತ್ತೆ ಪಟ್ಟಕ್ಕಾಗಿ ತೊಡಲಿಲ್ಲ. ಆಗ ಆತನ ವಯಸ್ಸು ಮೂವತ್ತೆರಡು. ಏಳು ವರ್ಷಗಳ ಕಾಲ ಆತನ ಸೊಂಟದಿಂದ ಆ ಪಟ್ಟಿಯನ್ನು ಬಿಚ್ಚಲು ಯಾರಿಗೂ ಆಗಿರಲಿಲ್ಲ. ಕೊನೆಗೆ ಅದನ್ನು ಬಿಚ್ಚಿದ್ದು ಆತನ ಕೈಗಳೇ.

ಬಾಕ್ಸಿಂಗ್ ಕ್ರೂರ ಕ್ರೀಡೆ. ಅಲ್ಲಿ ಚಾಂಪಿಯನ್ ಆದವನನ್ನು ಸಾಮಾನ್ಯವಾಗಿ ಇಳಿಸುವುದು ತನಗಿಂತ ಚಿಕ್ಕ ವಯಸ್ಸಿನ ಇನ್ನೊಬ್ಬನ ಮುಷ್ಟಿ. ಗೆದ್ದಿರುವಾಗಲೇ ಸಾಕೆಂದು ಹೇಳಿದವರು ವಿರಳ. ಥಾಯ್ಲೆಂಡಿನ ಒಂದು ಗುಡ್ಡಗಾಡು ಪ್ರಾಂತ್ಯದ ಹುಡುಗ ಆ ವಿರಳರ ಸಾಲಿಗೆ ಸೇರಿದ್ದು ಹೇಗೆ?

ಶೂರನೆಂಬ ಹೆಸರಿನವ

ಖಾವೊಸಾಯ್ ಹುಟ್ಟಿದ್ದು 1959ರ ಮೇ 15ರಂದು, ಪೆಚ್ಚಬೂನ್ ಪ್ರಾಂತ್ಯದಲ್ಲಿ. ಬ್ಯಾಂಕಾಕಿನಿಂದ ಉತ್ತರಕ್ಕೆ ಸುಮಾರು 350 ಕಿಲೋಮೀಟರ್ ದೂರದ ಈ ಸೀಮೆ ಬೆಟ್ಟಗಳಿಗೆ ಮತ್ತು ಸಿಹಿ ಹುಣಸೆಗೆ ಹೆಸರಾದದ್ದು. ತಂದೆತಾಯಿ ಇಟ್ಟ ಹೆಸರು ಸುರ ಸೇನ್‌ಖಾಮ್. ಥಾಯ್ ಭಾಷೆಯ ಈ 'ಸುರ' ನಮ್ಮ 'ಶೂರ' ಶಬ್ದದ ಬಂಧುವೇ. ಆತ ಒಬ್ಬನೇ ಹುಟ್ಟಲಿಲ್ಲ. ಜೊತೆಗೆ ಒಬ್ಬ ಅವಳಿ ಸೋದರನೂ ಇದ್ದ. ಮುಂದೆ ಜಗತ್ತು ಅವನನ್ನು ಖಾವೊಕೋ ಎಂದು ಕರೆಯಿತು.

ಥಾಯ್ಲೆಂಡಿನ ಹಳ್ಳಿಗಳಲ್ಲಿ ಮುವಾಯ್ ಥಾಯ್ ಎಂಬ ಕಾಳಗ ಜಾತ್ರೆ ಉತ್ಸವಗಳ ಅವಿಭಾಜ್ಯ ಅಂಗ. ಮುಷ್ಟಿ, ಮೊಣಕೈ, ಮೊಣಕಾಲು, ಕಣಕಾಲು – ಎರಡೆರಡರಂತೆ ಎಂಟು ಆಯುಧಗಳ ಯುದ್ಧ ಇದು. ಪಂದ್ಯಕ್ಕೆ ಮೊದಲು ಗುರುವಿಗೆ ನಮಿಸುವ ನೃತ್ಯದಂಥ ವಿಧಿಯೂ ಉಂಟು. ಬಡ ಕುಟುಂಬಗಳ ಹುಡುಗರಿಗೆ ಇದು ಆಟವೂ ಹೌದು, ನಾಲ್ಕು ಕಾಸು ಸಂಪಾದನೆಯ ದಾರಿಯೂ ಹೌದು.

ಸುರ ಕೂಡ ಅದೇ ದಾರಿ ಹಿಡಿದ. ಆಗ ಆತನ ಕಣದ ಹೆಸರು ದಾವ್‌ದೆನ್ ಮುವಾಂಗ್ ಸೀತೆಪ್. 'ಸೀತೆಪ್ ನಗರದ ಎದ್ದುಕಾಣುವ ತಾರೆ' ಎಂದು ಅರ್ಥ. ಸೀತೆಪ್ ಪೆಚ್ಚಬೂನ್ ಪ್ರಾಂತ್ಯದ ಪುರಾತನ ಪಟ್ಟಣ. ವಿಷ್ಣು ಮತ್ತು ಸೂರ್ಯನ ಪ್ರಾಚೀನ ಶಿಲಾಮೂರ್ತಿಗಳು ದೊರೆತ ಈ ತಾಣ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ಹೆಸರಿನಲ್ಲಿದ್ದ ತಾರೆ ಕಣದಲ್ಲಿ ಅಷ್ಟಾಗಿ ಮಿನುಗಲಿಲ್ಲ.

ಕಾಲು ಬಿಟ್ಟು ಕೈ ನಂಬಿದ

ಕಾರಣ ಸರಳ. ಮುವಾಯ್ ಥಾಯ್‌ನಲ್ಲಿ ತೀರ್ಪುಗಾರರು ಹೆಚ್ಚು ಬೆಲೆ ಕೊಡುವುದು ಒದೆತಕ್ಕೆ ಮತ್ತು ಮೊಣಕಾಲಿನ ಏಟಿಗೆ. ಮುಷ್ಟಿಗೆ ಅಲ್ಲಿ ಎರಡನೆಯ ಸ್ಥಾನ. ಸುರನ ಶಕ್ತಿಯೆಲ್ಲ ಇದ್ದದ್ದು ಮುಷ್ಟಿಯಲ್ಲಿ, ಅದರಲ್ಲೂ ಎಡ ಮುಷ್ಟಿಯಲ್ಲಿ. ಎಂಟು ಆಯುಧಗಳ ಯುದ್ಧದಲ್ಲಿ ಸಾಧಾರಣನೆನಿಸಿಕೊಂಡವನು ಎರಡೇ ಆಯುಧಗಳ ಯುದ್ಧದಲ್ಲಿ ಅಸಾಧಾರಣನಾಗಬಹುದು. 1980ರ ಹೊತ್ತಿಗೆ ಆತ ಮುವಾಯ್ ಥಾಯ್ ಬಿಟ್ಟು ಬಾಕ್ಸಿಂಗ್‌ಗೆ ಬಂದ.

ಹೊಸ ಕ್ರೀಡೆಯೊಂದಿಗೆ ಹೊಸ ಹೆಸರೂ ಬಂತು. ಥಾಯ್ ಬಾಕ್ಸರುಗಳು ತಮ್ಮ ಗರಡಿಯ ಅಥವಾ ಪೋಷಕರ ಹೆಸರನ್ನು ಉಪನಾಮವಾಗಿ ಧರಿಸುವುದು ವಾಡಿಕೆ. 'ಗ್ಯಾಲಕ್ಸಿ' ಎಂಬುದು ಬ್ಯಾಂಕಾಕಿನ ಒಂದು ಮನರಂಜನಾ ಮಂದಿರದ ಹೆಸರು. 'ಖಾವೊ' ಎಂದರೆ ಬೆಟ್ಟ, 'ಸಾಯ್' ಎಂದರೆ ಮರಳು. ಸೋದರನಿಗೆ ದೊರೆತ 'ಖಾವೊಕೋ' ಎಂಬುದೂ ಪೆಚ್ಚಬೂನ್‌ನ ಬೆಟ್ಟಸೀಮೆಯ ಹೆಸರೇ. ಹೀಗೆ ಅವಳಿಗಳಿಬ್ಬರೂ ಬೆಟ್ಟಗಳಾಗಿ ಕಣಕ್ಕಿಳಿದರು.

1981ರಲ್ಲಿ ಖಾವೊಸಾಯ್ ಥಾಯ್ಲೆಂಡಿನ ಬ್ಯಾಂಟಮ್‌ವೇಟ್ ಪಟ್ಟಕ್ಕಾಗಿ ಸಕ್ದಾ ಸಕ್ಸುರೀ ಎಂಬಾತನೊಡನೆ ಸೆಣಸಿ ಸೋತ. ಅದೇ ಮೊದಲ ಸೋಲು, ಅದೇ ಕೊನೆಯ ಸೋಲು. ಮುಂದಿನ ಹತ್ತು ವರ್ಷ ಆತ ಬಾಕ್ಸಿಂಗ್ ಕಣದಲ್ಲಿ ಯಾರಿಗೂ ಸೋಲಲಿಲ್ಲ.

ಕರುಳು ಬಗೆಯುವ ಎಡಗೈ

1984ರಲ್ಲಿ ಅವಕಾಶದ ಬಾಗಿಲು ತೆರೆಯಿತು. ವಿಶ್ವ ಬಾಕ್ಸಿಂಗ್ ಸಂಸ್ಥೆಯ ಸೂಪರ್ ಫ್ಲೈವೇಟ್ ಚಾಂಪಿಯನ್ ಆಗಿದ್ದವನು ಜಪಾನಿನ ಜಿರೊ ವತನಾಬೆ. ಆತ ಪ್ರತಿಸ್ಪರ್ಧಿ ಸಂಸ್ಥೆಯ ಚಾಂಪಿಯನ್, ಥಾಯ್ಲೆಂಡಿನ ಪಯಾವ್ ಪೂನ್‌ತರತ್‌ನೊಡನೆ ಸೆಣಸಿದ್ದಕ್ಕೆ ಈ ಪಟ್ಟ ಕಳೆದುಕೊಂಡ. ತೆರವಾದ ಪಟ್ಟಕ್ಕಾಗಿ ನವೆಂಬರ್ 21ರಂದು ಬ್ಯಾಂಕಾಕಿನಲ್ಲಿ ಖಾವೊಸಾಯ್ ಮತ್ತು ಡೊಮಿನಿಕನ್ ಗಣರಾಜ್ಯದ ಯುಸೇಬಿಯೊ ಎಸ್ಪಿನಾಲ್ ಎದುರುಬದುರಾದರು. ಆರನೆಯ ಸುತ್ತಿನಲ್ಲಿ ಎಸ್ಪಿನಾಲ್ ಉರುಳಿದ.

ಸೂಪರ್ ಫ್ಲೈವೇಟ್ ಎಂದರೆ 52.16 ಕಿಲೋಗ್ರಾಮ್ ಮೀರದ ದೇಹ. ಇಷ್ಟು ಹಗುರ ದೇಹದವರ ಪಂದ್ಯಗಳು ಚುರುಕಾಗಿರುತ್ತವೆ. ಆದರೆ ಒಂದೇ ಹೊಡೆತಕ್ಕೆ ಎದುರಾಳಿ ಮಲಗುವುದು ಅಪರೂಪ. ಖಾವೊಸಾಯ್ ಆ ಅಪರೂಪವನ್ನು ದಿನಚರಿ ಮಾಡಿಕೊಂಡ. ಥಾಯ್ ಅಭಿಮಾನಿಗಳು ಆತನ ಎಡಗೈಗೆ 'ಕರುಳು ಬಗೆಯುವ ಎಡಗೈ' ಎಂಬ ಅರ್ಥದ ಬಿರುದನ್ನೇ ಕೊಟ್ಟರು. ವಿದೇಶಿ ಪತ್ರಿಕೆಗಳು 'ಥಾಯ್ ಟೈಸನ್' ಎಂದವು.

ಈ ಬಿರುದಿನ ಹಿಂದೆ ದೇಹಶಾಸ್ತ್ರದ ಪಾಠವಿದೆ. ಮನುಷ್ಯನ ಪಿತ್ತಜನಕಾಂಗ ಇರುವುದು ಬಲ ಪಕ್ಕೆಲುಬುಗಳ ಕೆಳಗೆ. ಎದುರು ನಿಂತವನ ಬಲಪಕ್ಕ ನಮ್ಮ ಎಡಗೈಗೆ ನೇರ ಸಿಗುತ್ತದೆ. ಖಾವೊಸಾಯ್ ಎಡಚ, ಅಂದರೆ ಆತನ ಬಲಿಷ್ಠ ಕೈ ಹೋಗಿ ಬೀಳುತ್ತಿದ್ದದ್ದೇ ಆ ಜಾಗಕ್ಕೆ. ತಲೆಗೆ ಬಿದ್ದ ಏಟು ಪ್ರಜ್ಞೆ ತಪ್ಪಿಸಬಹುದು. ಪಿತ್ತಜನಕಾಂಗಕ್ಕೆ ಬಿದ್ದ ಏಟಿನಲ್ಲಿ ಪ್ರಜ್ಞೆ ಇರುತ್ತದೆ, ಏಳಬೇಕೆಂಬ ಮನಸ್ಸೂ ಇರುತ್ತದೆ. ಆದರೆ ಉಸಿರು ಕಟ್ಟಿ, ಕಾಲುಗಳು ಮಾತು ಕೇಳುವುದಿಲ್ಲ. ತಲೆಗೇ ಗುರಿಯಿಡುವ ಆತುರ ಬಿಟ್ಟು, ಸುತ್ತು ಸುತ್ತಿಗೂ ಹೊಟ್ಟೆ ಪಕ್ಕೆಗಳನ್ನು ಸವೆಸುತ್ತಾ ಹೋಗುವುದು ಖಾವೊಸಾಯ್ ಕ್ರಮ.

ಪರರ ನೆಲದಲ್ಲಿ

ತವರಿನಲ್ಲಿ ಮಾತ್ರ ಗೆಲ್ಲುವ ಚಾಂಪಿಯನ್ನರು ಅನೇಕರಿದ್ದಾರೆ. ಖಾವೊಸಾಯ್ ಹಾಗಲ್ಲ. 1986ರಲ್ಲಿ ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪಕ್ಕೆ ಹೋಗಿ ಇಸ್ರೇಲ್ ಕಾಂಟ್ರೆರಾಸ್‌ನನ್ನು ಐದನೆಯ ಸುತ್ತಿನಲ್ಲಿ ಮಲಗಿಸಿದ. 1987ರ ಫೆಬ್ರುವರಿಯಲ್ಲಿ ಜಕಾರ್ತಾಕ್ಕೆ ಹೋದ. ಅಲ್ಲಿ ಎದುರಾಳಿ ಎಲ್ಯಾಸ್ ಪಿಕಾಲ್, ಇಂಡೊನೇಷ್ಯದ ಮೊಟ್ಟಮೊದಲ ವಿಶ್ವ ಚಾಂಪಿಯನ್, ಆ ದೇಶದ ಕಣ್ಮಣಿ. ಆಗ ವಿಶ್ವ ಪಟ್ಟದ ಪಂದ್ಯ ಹದಿನೈದು ಸುತ್ತುಗಳದ್ದು. ಹದಿಮೂರು ಸುತ್ತು ಪಿಕಾಲ್ ತಡೆದುಕೊಂಡ. ಹದಿನಾಲ್ಕನೆಯದರಲ್ಲಿ ಕುಸಿದ.

ಎಲ್ಲ ಪಂದ್ಯಗಳೂ ಸಲೀಸಾಗಿರಲಿಲ್ಲ. 1989ರ ಏಪ್ರಿಲ್‌ನಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಕೆಂಜಿ ಮತ್ಸುಮುರ ಹನ್ನೆರಡು ಸುತ್ತು ಪೂರ್ತಿ ಎದುರಿಸಿ ನಿಂತ. ಖಾವೊಸಾಯ್ ಅಂಕಗಳ ಮೇಲೆ ಗೆದ್ದ. ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ದೇಶಕ್ಕೆ, ಈ ಬಾರಿ ಕೋಬೆ ನಗರಕ್ಕೆ, ಅದೇ ಎದುರಾಳಿಯನ್ನು ಹುಡುಕಿಕೊಂಡು ಹೋದ. ಹನ್ನೆರಡನೆಯ, ಅಂದರೆ ಕಟ್ಟಕಡೆಯ ಸುತ್ತಿನಲ್ಲಿ ಮತ್ಸುಮುರ ನೆಲಕ್ಕೆ ಬಿದ್ದ. ಏಪ್ರಿಲ್‌ನಲ್ಲಿ ಅಪೂರ್ಣವಾಗಿದ್ದ ಲೆಕ್ಕ ಅಕ್ಟೋಬರಿನಲ್ಲಿ ಚುಕ್ತಾ ಆಯಿತು.

ಒಂದೇ ಬಸಿರು, ಎರಡು ಹಾದಿ

ಇತ್ತ ಅವಳಿ ಸೋದರನ ಕಥೆ? ಖಾವೊಕೋ ಕೂಡ ಸಾಮಾನ್ಯನಲ್ಲ. 1988ರ ಮೇ ತಿಂಗಳಲ್ಲಿ ಪೋರ್ಟೊರಿಕೊದ ವಿಲ್ಫ್ರೆಡೊ ವಾಸ್ಕೆಸ್‌ನನ್ನು ಸೋಲಿಸಿ ಬ್ಯಾಂಟಮ್‌ವೇಟ್ ವಿಶ್ವ ಚಾಂಪಿಯನ್ ಆದ. ಈ ವಾಸ್ಕೆಸ್ ಮುಂದೆ ಮೇಲಿನ ಇನ್ನೆರಡು ತೂಕಗಳಲ್ಲೂ ವಿಶ್ವ ಪಟ್ಟ ಗೆದ್ದವನು. ಅವಳಿ ಸೋದರರಿಬ್ಬರೂ ಬಾಕ್ಸಿಂಗ್ ವಿಶ್ವ ಚಾಂಪಿಯನ್ ಆದದ್ದು ಇತಿಹಾಸದಲ್ಲೇ ಮೊದಲು. ಕೆಲವು ತಿಂಗಳು ಒಬ್ಬಳೇ ತಾಯಿಯ ಇಬ್ಬರು ಮಕ್ಕಳು ಏಕಕಾಲಕ್ಕೆ ಜಗಜ್ಜೇತರಾಗಿದ್ದರು.

ಆದರೆ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಮೂನ್ ಸುಂಗ್-ಕಿಲ್ ಖಾವೊಕೋನಿಂದ ಪಟ್ಟ ಕಸಿದ. ಮರುವರ್ಷ ಜುಲೈನಲ್ಲಿ ಖಾವೊಕೋ ಅದೇ ಮೂನ್‌ನನ್ನು ಸೋಲಿಸಿ ಪಟ್ಟ ಮರಳಿ ಪಡೆದ. ಅಕ್ಟೋಬರಿನಲ್ಲಿ ಫಿಲಿಪ್ಪೀನ್ಸಿನ ಲೂಯಿಸಿಟೊ ಎಸ್ಪಿನೋಸ ಬ್ಯಾಂಕಾಕಿಗೇ ಬಂದು ಮೊದಲ ಸುತ್ತಿನಲ್ಲೇ ಆತನನ್ನು ಉರುಳಿಸಿದ. ಅಲ್ಲಿಗೆ ಖಾವೊಕೋನ ವಿಶ್ವ ಪಟ್ಟದ ಅಧ್ಯಾಯ ಮುಗಿಯಿತು.

ಒಬ್ಬನ ಹತ್ತೊಂಬತ್ತು ಯಶಸ್ವಿ ರಕ್ಷಣೆಗಳ ಪಕ್ಕದಲ್ಲಿ ಇನ್ನೊಬ್ಬನದು ಸೊನ್ನೆ. ಅಂಕಿಗಳನ್ನಷ್ಟೇ ನೋಡುವವರು ಖಾವೊಕೋನನ್ನು ಸೋತವನೆಂದು ಬರೆದಾರು. ಎರಡು ಬಾರಿ ಜಗತ್ತನ್ನು ಗೆದ್ದವನು ಸೋತವನಾಗುವುದು ಪಕ್ಕದಲ್ಲಿ ಅವಳಿಯನ್ನು ನಿಲ್ಲಿಸಿದಾಗ ಮಾತ್ರ. ಒಂದೇ ಗರ್ಭ, ಒಂದೇ ಅನ್ನ, ಒಂದೇ ಊರಿನ ಮಣ್ಣು. ಆದರೂ ಇಬ್ಬರ ಕೈಗಳೂ ಒಂದೇ ಅಲ್ಲ, ಇಬ್ಬರ ಕಾಲವೂ ಒಂದೇ ಅಲ್ಲ. ಮನೆಯ ಮಕ್ಕಳ ಅಂಕಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ತಂದೆತಾಯಂದಿರು ಈ ಅವಳಿಗಳನ್ನು ಒಮ್ಮೆ ನೆನೆದರೆ ಒಳ್ಳೆಯದು.

ಮುಗಿಸುವುದೂ ಒಂದು ವಿದ್ಯೆ

ಖಾವೊಸಾಯ್ ನಿವೃತ್ತಿಯ ಬೆಲೆ ತಿಳಿಯಬೇಕಾದರೆ ಆತನಿಗಿಂತ ಮೊದಲಿನವರನ್ನು ನೋಡಬೇಕು. ಥಾಯ್ಲೆಂಡಿನ ಮೊದಲ ವಿಶ್ವ ಚಾಂಪಿಯನ್ ಪೋನ್ ಕಿಂಗ್‌ಪೆಚ್. 1960ರಲ್ಲಿ ಅರ್ಜೆಂಟೀನದ ಪಾಸ್ಕುವಲ್ ಪೆರೆಸ್‌ನನ್ನು ಸೋಲಿಸಿ ಫ್ಲೈವೇಟ್ ಪಟ್ಟ ಗೆದ್ದ. ಮುಂದೆ ಎರಡು ಬಾರಿ ಅದನ್ನು ಕಳೆದುಕೊಂಡು ಎರಡು ಬಾರಿಯೂ ಮರಳಿ ಗೆದ್ದ. 1965ರಲ್ಲಿ ರೋಮ್ ನಗರದಲ್ಲಿ ಮೂರನೆಯ ಬಾರಿ ಕಳೆದುಕೊಂಡದ್ದು ಮತ್ತೆ ಸಿಗಲಿಲ್ಲ. 1982ರಲ್ಲಿ ತೀರಿಕೊಂಡಾಗ ಆತನಿಗೆ ಬರೀ 47 ವರ್ಷ.

ಖಾವೊಸಾಯ್‌ನ ಪೆಚ್ಚಬೂನ್‌ನವನೇ ಆದ ಸೇನ್‌ಸಕ್ ಮುವಾಂಗ್‌ಸುರಿನ್ 1975ರಲ್ಲಿ ತನ್ನ ಮೂರನೆಯ ಪಂದ್ಯದಲ್ಲೇ ವಿಶ್ವ ಚಾಂಪಿಯನ್ ಆಗಿ ಜಗತ್ತನ್ನು ಬೆರಗುಗೊಳಿಸಿದ್ದ. ಪಟ್ಟ ಹೋದ ಮೇಲೂ ಸೆಣಸುತ್ತಾ ಹೋದ. ಬಾಕ್ಸಿಂಗ್ ಆತನಿಗೆ ಕೀರ್ತಿ ಕೊಟ್ಟಿತು, ಒಂದು ಕಣ್ಣಿನ ದೃಷ್ಟಿಯನ್ನು ತೆಗೆದುಕೊಂಡಿತು. 2009ರಲ್ಲಿ ಆತ ನಿಧನನಾದ.

ಇನ್ನು ಪುಟ್ಟ ಮಕ್ಕಳ ಮಾತು. 2018ರಲ್ಲಿ ಥಾಯ್ಲೆಂಡಿನಲ್ಲಿ ಹದಿಮೂರು ವರ್ಷದ ಹುಡುಗನೊಬ್ಬ ಮುವಾಯ್ ಥಾಯ್ ಕಣದಲ್ಲಿ ತಲೆಗೆ ಏಟು ಬಿದ್ದು ಮೃತಪಟ್ಟಾಗ ಇಡೀ ದೇಶ ಚರ್ಚೆಗಿಳಿಯಿತು. ಮಕ್ಕಳ ಕಾಳಗ ನಿಲ್ಲಿಸಬೇಕೆಂದು ವೈದ್ಯರು, ಅದು ತಮ್ಮ ಅನ್ನದ ದಾರಿಯೆಂದು ಬಡ ಕುಟುಂಬಗಳು. ಬೆಳೆಯುತ್ತಿರುವ ಮೆದುಳಿಗೆ ಬಿದ್ದ ಪೆಟ್ಟು ಚಿನ್ನದ ಪಟ್ಟಿಯಿಂದ ವಾಸಿಯಾಗುವುದಿಲ್ಲ. ಒಬ್ಬ ಖಾವೊಸಾಯ್ ಹೊರಬರುವ ಕಣಕ್ಕೆ ಹೆಸರಿಲ್ಲದ ಸಾವಿರಾರು ಹುಡುಗರು ಇಳಿದಿರುತ್ತಾರೆಂಬುದನ್ನು ಮರೆಯುವಂತಿಲ್ಲ.

ಕಣ ಬಿಟ್ಟ ಖಾವೊಸಾಯ್ ಸುಮ್ಮನೆ ಕೂರಲಿಲ್ಲ. ಕಿರುತೆರೆಯಲ್ಲಿ, ಚಲನಚಿತ್ರಗಳಲ್ಲಿ ಪಾತ್ರ ಮಾಡಿದ. 1999ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ಬಾಕ್ಸಿಂಗ್ ಕೀರ್ತಿಭವನ ಆತನ ಹೆಸರನ್ನು ತನ್ನ ಗೋಡೆಗೇರಿಸಿತು. ಆ ಗೌರವ ಪಡೆದ ಮೊದಲ ಥಾಯ್ ಬಾಕ್ಸರ್ ಆತ.

ಹತ್ತೊಂಬತ್ತು ರಕ್ಷಣೆ, ಹದಿನಾರು ನಾಕೌಟ್ ಎಂದು ದಾಖಲೆಯ ಪುಸ್ತಕಗಳು ಹೇಳುತ್ತವೆ. ಆ ಪುಸ್ತಕಗಳು ಹೇಳದ ಎರಡು ನಿರ್ಧಾರಗಳು ಆತನ ಬದುಕಿನಲ್ಲಿವೆ. ತನ್ನ ಬಲ ಕಾಲಿನಲ್ಲಿಲ್ಲ, ಕೈಯಲ್ಲಿದೆ ಎಂದು ಇಪ್ಪತ್ತೊಂದರ ಹರೆಯದಲ್ಲಿ ಒಪ್ಪಿಕೊಂಡದ್ದು ಒಂದು. ಆ ಕೈಗಳಿಗೂ ಒಂದು ಕೊನೆಯಿದೆ ಎಂದು ಮೂವತ್ತೆರಡರಲ್ಲಿ ಒಪ್ಪಿಕೊಂಡದ್ದು ಇನ್ನೊಂದು. ಎರಡಕ್ಕೂ ಎಡಗೈಯ ಹೊಡೆತಕ್ಕಿಂತ ಹೆಚ್ಚಿನ ಗಟ್ಟಿತನ ಬೇಕು.