ಮಾಸು ತಡೆಯದ ಮದ್ದು

ಬಸಿರಿನ ಮೊದಲ ಎಂಟು ವಾರಗಳಲ್ಲೇ ಶಿಶುವಿನ ಬಹುತೇಕ ಅಂಗಗಳಿಗೆ ಬುನಾದಿ ಬೀಳುತ್ತದೆ. ಮಿದುಳು, ಬೆನ್ನುಹುರಿಯಾಗಿ ಬೆಳೆಯುವ ನರಕೊಳವೆ ಗರ್ಭ ಕಟ್ಟಿದ ಸುಮಾರು 28ನೇ ದಿನಕ್ಕೆ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ಮುಟ್ಟು ತಪ್ಪಿ ಎರಡು ವಾರವಷ್ಟೇ ಆಗಿರುತ್ತದೆ. ತಾನು ಬಸಿರು ಎಂಬುದು ಎಷ್ಟೋ ಹೆಂಗಸರಿಗೆ ಇನ್ನೂ ಖಚಿತವಾಗಿರುವುದಿಲ್ಲ. ಹೀಗಾಗಿ ವಿಷ ಎಷ್ಟು ಸೋಕಿತು ಎಂಬುದರಷ್ಟೇ ಯಾವ ವಾರ ಸೋಕಿತು ಎಂಬುದೂ ಮುಖ್ಯ.

ಮಾಸು ಶಿಶುವಿಗೆ ಕೋಟೆಯಿದ್ದಂತೆ ಎಂದು ವೈದ್ಯರೂ ಬಹುಕಾಲ ನಂಬಿದ್ದರು. ಆ ನಂಬಿಕೆಯನ್ನು ಅಲುಗಿಸಿದ ಊರುಗಳಲ್ಲಿ ಜಪಾನಿನ ಮಿನಮಾಟ ಒಂದು. ಅಲ್ಲಿ 1956ರಲ್ಲಿ ಗುರುತಿಸಲಾದ ಕಾಯಿಲೆಗೆ ಚಿಸ್ಸೊ ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ಪಾದರಸ ಕಾರಣವಾಗಿತ್ತು. ಅಲ್ಲಿನ ಮೀನು ತಿಂದ ಕೆಲವು ತಾಯಂದಿರಲ್ಲಿ ಹೇಳಿಕೊಳ್ಳುವಂಥ ಲಕ್ಷಣವೇ ಇರಲಿಲ್ಲ. ಅವರ ಮಕ್ಕಳು ಮಾತ್ರ ತೀವ್ರ ನರದೋಷದೊಂದಿಗೆ ಹುಟ್ಟಿದರು. ಮಗುವಿನ ಹೊಕ್ಕುಳಬಳ್ಳಿಯನ್ನು ಒಣಗಿಸಿ ಜೋಪಾನವಾಗಿಡುವುದು ಜಪಾನಿನ ಮನೆಗಳ ರೂಢಿ. ವರ್ಷಗಳ ನಂತರ ಸಂಶೋಧಕರು ಆ ಬಳ್ಳಿಗಳಲ್ಲೇ ಪಾದರಸವನ್ನು ಅಳೆದರು.

ಕನ್ನಡಿಗರ ನಡುವೆ ಇದೇ ಆತಂಕ ಹುಟ್ಟಿಸಿದ್ದು ಎಂಡೋಸಲ್ಫಾನ್ ಎಂಬ ಕೀಟನಾಶಕ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಕಾಸರಗೋಡಿನ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಈ ಮದ್ದು ಸಿಂಪಡಿಸಿತು. ಗುಡ್ಡದ ಮೇಲೆ ಗೇರು, ಬುಡದಲ್ಲಿ ಮನೆ, ಕುಡಿಯಲು ಸುರಂಗದ ಮತ್ತು ತೋಡಿನ ನೀರು. ಎಣ್ಮಕಜೆಯ ಪಡ್ರೆಯಲ್ಲಿ ಮೊದಲ ಸುಳಿವು ಸಿಕ್ಕಿದ್ದು ಕೊಟ್ಟಿಗೆಯಲ್ಲಿ: ಊನವಾಗಿ ಹುಟ್ಟಿದ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆ ಬರೆದರು. ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟುದೋಷಗಳು ಒಂದೇ ಊರಿನಲ್ಲಿ ಗುಂಪುಗೂಡಿರುವುದನ್ನು ವಾಣೀನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಗಮನಿಸಿದರು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಪುಗಳ ಸುತ್ತ ಇಂಥದೇ ದೋಷಗಳಿರುವ ಮಕ್ಕಳ ಮನೆಗಳಿವೆ.

ಎಂಡೋಸಲ್ಫಾನ್ ಕೊಬ್ಬಿನಲ್ಲಿ ಕರಗುತ್ತದೆ, ಆದ್ದರಿಂದ ಮಾಸನ್ನು ದಾಟುತ್ತದೆ, ಎದೆಹಾಲಿಗೂ ಇಳಿಯುತ್ತದೆ. ನರಗಳ ಉದ್ರೇಕವನ್ನು ತಣಿಸುವ ವ್ಯವಸ್ಥೆಯನ್ನೇ ಅದು ತಡೆಯುತ್ತದೆ. ಹೆಚ್ಚು ಸೋಕಿದವರಿಗೆ ಸೆಳವು ಬರುವುದು ಇದರಿಂದಲೇ. ಶಿಶುವಿನ ಯಕೃತ್ತಿಗೆ ವಿಷವನ್ನು ಒಡೆದು ಹೊರಹಾಕುವ ಶಕ್ತಿ ಇನ್ನೂ ಬಂದಿರುವುದಿಲ್ಲ.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ 117 ಶಾಲಾಬಾಲಕರನ್ನು ಸಿಂಪಡಣೆಯಿಲ್ಲದ ಊರಿನ 90 ಬಾಲಕರೊಂದಿಗೆ ಹೋಲಿಸಿ 2003ರಲ್ಲಿ ವರದಿ ಪ್ರಕಟಿಸಿತು. ಸಿಂಪಡಣೆ ನಿಂತು ತಿಂಗಳುಗಳಾದ ಮೇಲೂ ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹಲವು ಪಟ್ಟು ಹೆಚ್ಚಿತ್ತು. ಪ್ರೌಢಾವಸ್ಥೆ ತಡವಾಗಿ ಬರುತ್ತಿತ್ತು. ಒಂದೊಂದು ಮಗುವಿನ ಊನಕ್ಕೂ ಇದೇ ಕಾರಣವೆಂದು ಪ್ರಯೋಗಾಲಯದಲ್ಲಿ ತೋರಿಸುವುದು ಕಷ್ಟ, ಏಕೆಂದರೆ ಹಾನಿ ನಡೆದ ವಾರದ ರಕ್ತವನ್ನು ಯಾರೂ ತೆಗೆದಿಟ್ಟಿರುವುದಿಲ್ಲ. ಆ ಪುರಾವೆಯನ್ನು ಹಾಸಿಗೆ ಹಿಡಿದ ಮಗುವಿನ ತಾಯಿಯಿಂದ ಕೇಳುವುದು ಅನ್ಯಾಯ. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು, ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದನ್ನು ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳಕ್ಕೆ ನ್ಯಾಯಾಲಯ ಹೇಳಿದ್ದು 2017ರಲ್ಲಿ.

ಬೀದರ್ ಸೀಮೆಯಲ್ಲಿ ಹೆಲಿಕಾಪ್ಟರ್ ಹಾರಲಿಲ್ಲ. ಆದರೆ ತೊಗರಿಯ ಕಾಯಿಕೊರಕಕ್ಕೆ ರೈತರು ಹೊಡೆಯುತ್ತಿದ್ದ 'ಎಣ್ಣಿ'ಗಳಲ್ಲಿ, ಅಂದರೆ ಕೀಟನಾಶಕಗಳಲ್ಲಿ, ಎಂಡೋಸಲ್ಫಾನ್ ಕೂಡ ಇತ್ತು. ಅದು ಹೋದ ಮೇಲೂ ಬೇರೆ ಎಣ್ಣಿಗಳು ಉಳಿದವು. ಅವುಗಳಲ್ಲೊಂದಾದ ಕ್ಲೋರ್‌ಪೈರಿಫಾಸ್ ಹೊಕ್ಕುಳಬಳ್ಳಿಯ ರಕ್ತದಲ್ಲಿ ಹೆಚ್ಚಿದ್ದ ಮಕ್ಕಳ ಬುದ್ಧಿಮಟ್ಟ ಏಳನೇ ವಯಸ್ಸಿನಲ್ಲಿ ಕಡಿಮೆಯಿದ್ದುದನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಯನ 2011ರಲ್ಲಿ ತೋರಿಸಿತು. ಆ ಸೀಮೆಯ ಸಾಯಗಾಂವದಂಥ ಊರಿನಲ್ಲಿ ಬಸುರಿ ಹೆಂಗಸು ಪಂಪು ಬೆನ್ನಿಗೇರಿಸದಿದ್ದರೂ ವಿಷ ಅವಳಿಗೆ ಬೇರೆ ದಾರಿಗಳಿಂದ ಸೋಕಬಲ್ಲದು: ಸಿಂಪಡಿಸಿದ ಹೊಲಕ್ಕೆ ಮರುದಿನವೇ ಕಳೆ ತೆಗೆಯಲು ಹೋದಾಗ, ಎಣ್ಣಿ ತುಂಬಿದ್ದ ಡಬ್ಬಿಯಲ್ಲಿ ನೀರು ಹಿಡಿದಿಟ್ಟಾಗ, ಗಂಡ ಹೊಡೆದು ಬಂದ ಅಂಗಿಯನ್ನು ಉಳಿದ ಬಟ್ಟೆಯೊಂದಿಗೆ ಬರಿಗೈಯಲ್ಲಿ ಒಗೆದಾಗ.