ಪಂಪಿನ ಪುಟದಲ್ಲಿ ಹನಿಮಳೆ

ಕೊಯಮತ್ತೂರಿನ ಗಾಂಧಿಪುರಂ ಬಿಟ್ಟ ಬಸ್ಸು ಅವಿನಾಶಿ ರಸ್ತೆಯಲ್ಲಿ ಪಿಎಸ್‌ಜಿ ಟೆಕ್ ದಾಟಿ ಸ್ವಲ್ಪ ಮುಂದೆ ಬರುತ್ತಲೇ ಕಂಡಕ್ಟರ್ ‘ಹೋಪ್ಸ್... ಹೋಪ್ಸ್...’ ಎಂದು ಕೂಗುತ್ತಾನೆ. ಪೂರ್ತಿ ಹೆಸರು ಹೋಪ್ ಕಾಲೇಜ್. ಇಳಿದು ಸುತ್ತ ಕಣ್ಣು ಹಾಯಿಸಿದರೆ ಬೇಕರಿ ಇದೆ, ಮೊಬೈಲ್ ಅಂಗಡಿ ಇದೆ, ತಲೆಯ ಮೇಲೆ ಜಿ.ಡಿ. ನಾಯ್ಡು ಹೆಸರಿನ 10 ಕಿಲೋಮೀಟರ್ ಉದ್ದದ ಹೊಸ ಮೇಲ್ಸೇತುವೆ ಇದೆ. ಹೋಪ್ ಹೆಸರಿನ ಕಾಲೇಜು ಮಾತ್ರ ಇಲ್ಲ.

1945ರಲ್ಲಿ ಅದೇ ಉದ್ಯಮಿ ಜಿ.ಡಿ. ನಾಯ್ಡು, ಆಗಿನ ಮದ್ರಾಸ್ ಗವರ್ನರ್ ಆರ್ಥರ್ ಹೋಪ್ ಹೆಸರಿನಲ್ಲಿ ಒಂದು ತಾಂತ್ರಿಕ ಕಾಲೇಜು ಶುರುಮಾಡಿದ್ದರು. ಎಂಜಿನಿಯರ್ ಆಗಲು ನಾಲ್ಕು ವರ್ಷ ಯಾಕೆ ಬೇಕು ಎಂಬುದು ಅವರ ತಕರಾರು. ಸರ್ಕಾರ ಒಪ್ಪಲಿಲ್ಲ, ಅವರು ಕೈಬಿಟ್ಟರು. ಕಾಲೇಜು ಸರ್ಕಾರದ್ದಾಗಿ ಊರಿನ ಇನ್ನೊಂದು ದಿಕ್ಕಿನ ತಡಾಗಂ ರಸ್ತೆಗೆ ಹೋಯಿತು. ಹೆಸರು ಬಸ್ ಹತ್ತಲಿಲ್ಲ, ನಿಲ್ದಾಣದಲ್ಲೇ ಉಳಿಯಿತು.

‘ನಮ್ಮ ಪೀಳಮೇಡಿನ 404 ಇದು, ಮಾವ’ ಎಂದ, ನನ್ನನ್ನು ಕರೆದೊಯ್ಯಲು ಬಂದಿದ್ದ ಅಕ್ಕನ ಮಗ. ಇಲ್ಲದ ಪುಟದ ಕೊಂಡಿ ಒತ್ತಿದರೆ ಬ್ರೌಸರಿನಲ್ಲಿ ಬರುತ್ತದಲ್ಲ, ಆ ಸಂಖ್ಯೆ.

ನಾನು ಪೀಳಮೇಡಿಗೆ ಬಂದದ್ದೇ ಇವನ ಕಸುಬನ್ನು ನೋಡಲು. ಭಾವ ಮೂವತ್ತು ವರ್ಷದ ಹಿಂದೆ ಗಿರಣಿ ಯಂತ್ರಗಳ ಕೆಲಸಕ್ಕೆಂದು ಮೈಸೂರಿನಿಂದ ಇಲ್ಲಿಗೆ ಬಂದವರು. ಹುಡುಗ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪಕ್ಕದ ಮನೆಯವರೊಡನೆ ತೆಲುಗು. ಟೈಡೆಲ್ ಪಾರ್ಕಿನ ಕಡೆಯ ಒಂದು ಕಚೇರಿಯಲ್ಲಿ ಜಾಲತಾಣ ಕಟ್ಟುವ ಕೆಲಸ. ಕಟ್ಟಿದ ಪ್ರತಿ ತಾಣದಲ್ಲೂ ಯಾರಿಗೂ ಹೇಳದೆ ಒಂದು ಆಟ ಬಚ್ಚಿಡುವುದು ಅವನ ಚಟ. ‘ಹೆಸರು ಹಾಕಬೇಡಿ ಮಾವ, ಇನ್ನೂ ಸಾಲದ ಕಂತಿದೆ’ ಅಂದಿದ್ದಾನೆ. ಹಾಕಿಲ್ಲ.

ಇಂಥ ಬಚ್ಚಿಟ್ಟ ಆಟಗಳಿಗೆ ಜಗತ್ತೆಲ್ಲ ‘ಈಸ್ಟರ್ ಎಗ್’ ಎನ್ನುತ್ತದೆ. ಈಸ್ಟರ್ ಹಬ್ಬದಲ್ಲಿ ದೊಡ್ಡವರು ತೋಟದಲ್ಲಿ ಬಣ್ಣದ ಮೊಟ್ಟೆ ಅಡಗಿಸಿ ಮಕ್ಕಳನ್ನು ಹುಡುಕಲು ಬಿಡುತ್ತಾರಲ್ಲ, ಅದರಿಂದ ಬಂದ ಹೆಸರು. ನನ್ನ ಸೋದರಳಿಯ ಆ ಪದ ಬಳಸುವುದಿಲ್ಲ. ಅವನ ಮಾತು: ಕುಸುಂಬು.

ಕೊಯಮತ್ತೂರಿನ ಕುಸುಂಬು ತಮಿಳುನಾಡಿನಲ್ಲೆಲ್ಲ ಹೆಸರುವಾಸಿ. ಉಡುಮಲೈ ಸೀಮೆಯ ಗೌಂಡಮಣಿ, ಸೂಲೂರಿನ ಮಣಿವಣ್ಣನ್, ಇದೇ ಊರಿನ ಸತ್ಯರಾಜ್ ಅದನ್ನು ಸಿನಿಮಾಕ್ಕೆ ಹತ್ತಿಸಿದರು. ಕನ್ನಡದಲ್ಲಿ ಅದಕ್ಕೆ ಸರಿಸಾಟಿ ಪದ ನನಗೆ ಸಿಕ್ಕಿಲ್ಲ. ಕೀಟಲೆಯಲ್ಲಿ ಒಂದು ಚಿವುಟು ಇರುತ್ತದೆ, ಕುಚೋದ್ಯದಲ್ಲಿ ಒಂದು ಹನಿ ಹುಳಿ. ಕುಸುಂಬಿನಲ್ಲಿ ಇರುವುದು ಮರ್ಯಾದೆ. ಇಲ್ಲಿನ ಕೊಂಗುನಾಡಿನವರು ಪ್ರತಿ ಮಾತಿಗೂ ‘ಂಗ’ ಸೇರಿಸಿ ಬಹುವಚನದಲ್ಲೇ ಮಾತಾಡುತ್ತಾರೆ. ‘ಏನುಂಗ’ ಎಂದು ಅವರು ಕರೆದಾಗ ನಮ್ಮ ಕಿವಿಗೆ ‘ಏನು’ ಎಂದೇ ಕೇಳಿಸಿ ಒಂದು ಕ್ಷಣ ಊರಿಗೆ ಹೋಗಿ ಬಂದ ಹಾಗಾಗುತ್ತದೆ. ಆ ಬಹುವಚನದ ಒಳಗೇ ಕಾಲೆಳೆಯುವುದು ಕುಸುಂಬು. ಕಾಲು ಜಾರಿದ್ದು ಗೊತ್ತಾಗುವಷ್ಟರಲ್ಲಿ ಕಾಫಿ ಕುಡಿದು ಮನೆಗೆ ಬಂದಿರುತ್ತೀರಿ.

ಸೋದರಳಿಯ ಮೊದಲು ತೋರಿಸಿದ್ದು ಒಂದು ಮೋಟಾರ್ ಪಂಪ್ ತಯಾರಕರ ತಾಣ. ಈ ಊರಲ್ಲಿ ಪಂಪು, ಗ್ರೈಂಡರು ಮಾಡುವವರು ಬೀದಿಗೊಬ್ಬರು, ಇದು ಯಾರದೆಂದು ಹೇಳುವ ಅಗತ್ಯವಿಲ್ಲ. ನೋಡಲು ಅಷ್ಟೇನೂ ಸೊಗಸಿಲ್ಲ. ನೀಲಿ ಪಟ್ಟಿ, ಪಂಪುಗಳ ಸಾಲು, ಅಶ್ವಶಕ್ತಿಯ ಕೋಷ್ಟಕ. ‘ಸಿರುವಾಣಿ ಅಂತ ಟೈಪ್ ಮಾಡಿ. ಎಲ್ಲಿ ಅಂತ ಕೇಳಬೇಡಿ, ಸುಮ್ಮನೆ ಮಾಡಿ.’

ಸಿರುವಾಣಿ ಈ ಊರಿನ ಕುಡಿಯುವ ನೀರಿನ ಹೊಳೆ. ಜಗತ್ತಿನಲ್ಲೇ ಎರಡನೆಯ ಸಿಹಿ ನೀರು ಎಂದು ಊರವರೆಲ್ಲ ಹೇಳುತ್ತಾರೆ. ಮೊದಲನೆಯದು ಯಾವುದೆಂದು ಯಾರೂ ತಲೆ ಕೆಡಿಸಿಕೊಂಡಿಲ್ಲ.

ನನ್ನ ಲ್ಯಾಪ್‌ಟಾಪಿನಲ್ಲಿ ಟೈಪಿಸಿದೆ. ಏನೂ ಆಗಲಿಲ್ಲ. ಅವನು ಇಣುಕಿ ನೋಡಿ ನಕ್ಕ. ನನ್ನ ಕೀಲಿಮಣೆ ಕನ್ನಡದಲ್ಲಿತ್ತು. ಇಂಗ್ಲಿಷಿಗೆ ತಿರುಗಿಸಿ ಎಂಟು ಅಕ್ಷರ ಒತ್ತಿದೆ. ಮೇಲಿನ ನೀಲಿ ಪಟ್ಟಿಯ ಅಂಚಿನಲ್ಲಿ ಒಂದು ಹನಿ ಮೂಡಿತು. ಮಾಡಿನ ಹೆಂಚಿನ ತುದಿಯಲ್ಲಿ ನಿಲ್ಲುವ ಹಾಗೆ ನಿಂತು, ತೂಕ ತುಂಬಿ, ಪಂಪುಗಳ ಚಿತ್ರದ ಮೇಲೆ ಜಾರಿತು. ಹಿಂದೆಯೇ ಇನ್ನೊಂದು. ಆಮೇಲೆ ಸಣ್ಣ ಮಳೆ. ಕೋಷ್ಟಕದ ಗೆರೆಗಳ ಮೇಲೆ ಬಿದ್ದ ಹನಿ ಗೆರೆಯಗುಂಟ ಓಡಿ ತುದಿಯಲ್ಲಿ ಬೀಳುತ್ತಿತ್ತು. ಒಂದು ಪಂಪು ಮೆಲ್ಲಗೆ ನಡುಗಿ, ಬಿದ್ದ ನೀರನ್ನೆಲ್ಲ ಎಳೆದುಕೊಂಡು ಮೇಲಿನ ಪಟ್ಟಿಗೆ ಏರಿಸಿತು. ಮುಗಿಯಿತು. ಎಲ್ಲ ಸೇರಿ ಒಂಬತ್ತು ಸೆಕೆಂಡ್ ಇರಬಹುದು. ಗೆರೆಯ ಮೇಲೆ ಹನಿ ಓಡಿಸುವುದಕ್ಕೇ ಮೂರು ಭಾನುವಾರ ಹಿಡಿಯಿತಂತೆ.

ಇದರ ಒಳಗುಟ್ಟನ್ನು ಅವನು ಬಸ್ಸಿನ ಸೀಟಿನ ಲೆಕ್ಕದಲ್ಲಿ ಹೇಳಿದ. ಪುಟ ತೆರೆದ ಗಳಿಗೆಯಿಂದ ನಾಲ್ಕು ಸಾಲಿನ ಒಂದು ಪ್ರೋಗ್ರಾಂ ಕಿವಿಗೊಟ್ಟು ಕೂತಿರುತ್ತದೆ. ನೀವು ಒತ್ತಿದ ಪ್ರತಿ ಅಕ್ಷರವನ್ನೂ ಸಾಲಾಗಿ ಕೂರಿಸುತ್ತದೆ. ಸೀಟು ಎಂಟೇ. ಒಂಬತ್ತನೆಯ ಅಕ್ಷರ ಹತ್ತಿದರೆ ಮೊದಲನೆಯದು ಇಳಿಯಬೇಕು. ಪ್ರತಿ ಸಲವೂ ಸಾಲನ್ನು ಓದಿ ನೋಡುತ್ತದೆ. ಎಂಟೂ ಸೇರಿ ಸಿರುವಾಣಿ ಆಗಿದ್ದರೆ ಮಳೆ, ಇಲ್ಲದಿದ್ದರೆ ಮೌನ. ಕೀಲಿಮಣೆ ಇಲ್ಲದ ಫೋನಿಗೆ ಬೇರೆ ದಾರಿ, ಕಂಪನಿಯ ಗುರುತಿನ ಮೇಲೆ ಐದು ಸಲ ಬೆರಳು ತಟ್ಟುವುದು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸಿನಲ್ಲಿ ಆವೃತ್ತಿ ಸಂಖ್ಯೆಯ ಮೇಲೆ ತಟತಟನೆ ತಟ್ಟಿದರೆ ಚಿತ್ರವೋ ಆಟವೋ ಬರುತ್ತದಲ್ಲ, ಅದೇ ವರಸೆ.

ಈ ಮಳೆಯಿಂದ ಒಂದು ಪಜೀತಿಯೂ ಆಯಿತು. ತಾಣದಲ್ಲಿ ಗಿರಾಕಿಗಳು ವಿಳಾಸ ತುಂಬುವ ಅರ್ಜಿ ಇದೆ. ಅರ್ಜಿಯ ಒಳಗೆ ಟೈಪಿಸುವಾಗ ಕಿವಿ ಮುಚ್ಚಿಕೊಳ್ಳಬೇಕು ಎಂದು ಪ್ರೋಗ್ರಾಮಿಗೆ ಹೇಳುವುದನ್ನು ಹುಡುಗ ಮರೆತಿದ್ದ. ಪೇರೂರು ಕಡೆಯ ಒಬ್ಬ ರೈತರು ತಮ್ಮ ವಿಳಾಸ ‘ಸಿರುವಾಣಿ ರೋಡ್’ ಎಂದು ತುಂಬಿದರು. ತುಂಬಿದ್ದೇ ತಡ, ಅರ್ಜಿಯ ಮೇಲೆ ಹನಿ ಬೀಳತೊಡಗಿತು. ಅವರು ಗಾಬರಿಯಾಗಿ ಕಂಪನಿಗೆ ಫೋನ್ ಮಾಡಿದರು. ಸಂಜೆ ಮಾಲೀಕರು ಇವನಿಗೆ ಫೋನ್ ಮಾಡಿದರು. ಬೈಗುಳಕ್ಕೆ ಸಿದ್ಧನಾಗಿ ಎದ್ದುನಿಂತೇ ಫೋನ್ ತೆಗೆದನಂತೆ. ‘ಏನುಂಗ ತಂಬಿ, ನಲವತ್ತು ವರ್ಷದಿಂದ ನಮ್ಮ ಪಂಪು ಸೋರುವುದನ್ನು ಗುಟ್ಟಾಗಿ ಇಟ್ಟಿದ್ದೆವು. ನೀವು ಊರಿಗೆಲ್ಲ ತೋರಿಸಿಬಿಟ್ಟಿರಲ್ಲ!’ ಅಷ್ಟೇ ಹೇಳಿ ಇಟ್ಟರು. ತೆಗೆದುಹಾಕಿ ಎನ್ನಲಿಲ್ಲ.

ಈ ಕಸುಬಿನ ಚರಿತ್ರೆಯನ್ನು ನಾನು ಕೇಳಿಕೊಂಡದ್ದು ಇವನ ಬಾಯಲ್ಲೇ, ಅಕ್ಕ ಹುಯ್ಯುತ್ತಿದ್ದ ದೋಸೆಗಳ ನಡುವೆ. ಎಪ್ಪತ್ತರ ದಶಕದ ಕೊನೆಯಲ್ಲಿ ಅಮೆರಿಕದ ಅಟಾರಿ ಕಂಪನಿ ಟಿವಿಗೆ ಜೋಡಿಸಿ ಆಡುವ ಆಟಗಳನ್ನು ಮಾರುತ್ತಿತ್ತು. ಆಟ ಬರೆದವರ ಹೆಸರು ಡಬ್ಬಿಯ ಮೇಲೂ ಇಲ್ಲ, ಒಳಗೂ ಇಲ್ಲ. ವಾರೆನ್ ರಾಬಿನೆಟ್ ಎಂಬಾತ ‘ಅಡ್ವೆಂಚರ್’ ಎಂಬ ಆಟ ಬರೆದ. 4 ಕಿಲೋಬೈಟಿನೊಳಗೆ ಕೋಟೆ, ಡ್ರ್ಯಾಗನ್, ಬಾವಲಿ, ಎಲ್ಲ. ಅದರೊಳಗೆ ಒಂದು ಚುಕ್ಕಿಯನ್ನೂ ಇಟ್ಟ. ಒಂದೇ ಬಿಂದು, ನೆಲದ ಬಣ್ಣವೇ ಅದಕ್ಕೂ. ಕಣ್ಣಿಗೆ ಕಾಣದ ಆ ಚುಕ್ಕಿಯನ್ನು ಹೇಗೋ ಎತ್ತಿಕೊಂಡು ಸರಿಯಾದ ಗೋಡೆಯ ಬಳಿ ಹೋದರೆ ಗೋಡೆ ದಾರಿ ಬಿಡುತ್ತದೆ. ಆಚೆಯ ಕೋಣೆಯಲ್ಲಿ ಇದನ್ನು ಮಾಡಿದವನು ರಾಬಿನೆಟ್ ಎಂಬ ಸಾಲು ಬಣ್ಣ ಬದಲಿಸುತ್ತ ಮಿನುಗುತ್ತದೆ. ಈ ಗುಟ್ಟನ್ನು ಯಾರಿಗೂ ಹೇಳದೆ ಅವನು ಕೆಲಸ ಬಿಟ್ಟ. ಆಟ 1980ರಲ್ಲಿ ಪೇಟೆಗೆ ಬಂತು. ಯೂಟಾ ರಾಜ್ಯದ 15 ವರ್ಷದ ಹುಡುಗನೊಬ್ಬ ಕೋಣೆಯನ್ನು ಪತ್ತೆಹಚ್ಚಿ ಕಂಪನಿಗೆ ಕಾಗದ ಬರೆದ. ತೆಗೆಯೋಣವೆಂದರೆ ಚಿಪ್ಪಿನ ಅಚ್ಚನ್ನೇ ಬದಲಿಸಬೇಕು, ಖರ್ಚು ಜಾಸ್ತಿ. ಇರಲಿಬಿಡಿ, ಈಸ್ಟರ್ ಮೊಟ್ಟೆಯ ಹಾಗೆ ಮಕ್ಕಳು ಹುಡುಕಲಿ ಎಂದ, ಅಲ್ಲಿನ ಸಾಫ್ಟ್‌ವೇರ್ ವಿಭಾಗದ ಮುಖ್ಯಸ್ಥ ಸ್ಟೀವ್ ರೈಟ್. ಹೆಸರು ಅಂಟಿಕೊಂಡಿತು. ಅದಕ್ಕೂ ಹಿಂದಿನ ಒಂದೆರಡು ಗುಟ್ಟುಗಳು ಹಳೆಯ ಆಟಗಳಲ್ಲಿ ಈಚೆಗೆ ಸಿಕ್ಕಿವೆ. ಆದರೂ ಮೊದಲ ಮರ್ಯಾದೆ ಆ ಚುಕ್ಕಿಗೇ.

ನನಗೆ ನೆನಪಾದದ್ದು ಮಲ್ಲಿತಮ್ಮ. ಅಮೃತಾಪುರದಿಂದ ಸೋಮನಾಥಪುರದವರೆಗೆ ಹೊಯ್ಸಳ ಗುಡಿಗಳಲ್ಲಿ ದುಡಿದ ರೂವಾರಿ. ಮೂರ್ತಿಯ ಪಾದದಡಿ ಕೆಲವು ಕಡೆ ಪೂರ್ತಿ ಹೆಸರು, ಕೆಲವು ಕಡೆ ಬರೀ ‘ಮಲ್ಲಿ’, ಇನ್ನು ಕೆಲವು ಕಡೆ ಒಂದೇ ಅಕ್ಷರ ‘ಮ’. ಬಚ್ಚಿಟ್ಟದ್ದೇನಲ್ಲ, ಆದರೆ ದೇವರ ಮುಖ ನೋಡಲು ಬಂದವರು ಪಾದಪೀಠದ ಅಂಚು ಓದುತ್ತಾರೆಯೇ? ಗುಡಿ ಕಟ್ಟಿಸಿದವರ ಶಾಸನ ಆಳೆತ್ತರದ ಕಲ್ಲಿನಲ್ಲಿ ಎದುರಿಗೇ ನಿಂತಿರುತ್ತದೆ.

ಸೋದರಳಿಯನಿಗೆ ಇದಕ್ಕಿಂತ ಸಿರಿಭೂವಲಯದ ಸುದ್ದಿ ಹೆಚ್ಚು ಹಿಡಿಸಿತು. ಕುಮುದೇಂದು ಮುನಿಯದೆನ್ನುವ ಆ ಗ್ರಂಥದಲ್ಲಿ ಅಕ್ಷರವೇ ಇಲ್ಲ. 27 ಅಡ್ಡ, 27 ಉದ್ದ, ಒಟ್ಟು 729 ಮನೆಗಳ ಚೌಕಗಳು. ಮನೆಮನೆಯಲ್ಲೂ 1ರಿಂದ 64ರೊಳಗಿನ ಒಂದು ಅಂಕಿ, ಅಂಕಿಗೊಂದು ಅಕ್ಷರ. ಯಾವ ಮನೆಯಿಂದ ಯಾವ ಮನೆಗೆ ಹಾರಬೇಕು ಎಂಬ ‘ಬಂಧ’ ಗೊತ್ತಿದ್ದವನಿಗೆ ಮಾತ್ರ ಪದ್ಯ ಹೊರಡುತ್ತದೆ. ಅದರ ಕಾಲ, ಅದರೊಳಗೆ ಎಷ್ಟು ಭಾಷೆಗಳಿವೆ ಎಂಬುದರ ಜಗಳ ಇನ್ನೂ ಹರಿದಿಲ್ಲ. ಆ ಜಗಳ ನನಗೆ ಬೇಡ. 1953ರಲ್ಲಿ ಅದನ್ನು ಅಚ್ಚಿಗೆ ತಂದ ಯಲ್ಲಪ್ಪ ಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯನವರ ಜೊತೆಗಿದ್ದ ಮೂರನೆಯವರು ಕೆ. ಅನಂತಸುಬ್ಬರಾವ್. ಕನ್ನಡದ ಟೈಪ್‌ರೈಟರ್ ರೂಪಿಸಿದ್ದೂ ಅವರೇ. ಕೀಲಿಮಣೆ ಮಾಡಿದವರ ಮೇಜಿನ ಮೇಲೆಯೇ ಗುಪ್ತಲಿಪಿಯೂ ಇತ್ತು ಎಂದಾಗ ಹುಡುಗ ದೋಸೆ ಬಿಟ್ಟು ಎದ್ದ, ಅದೇನೋ ಬರೆದುಕೊಂಡು ಬಂದ.

ಈಗ ಈ ಕುಸುಂಬು ಎಲ್ಲೆಲ್ಲಿ ಸಿಗುತ್ತದೆ? ಗೂಗಲ್‌ನಲ್ಲಿ ‘ಆಸ್ಕ್ಯೂ’, ಅಂದರೆ ಓರೆ ಎಂಬರ್ಥದ ಇಂಗ್ಲಿಷ್ ಪದ ಹುಡುಕಿದರೆ ಪುಟವೇ ವಾಲಿಕೊಳ್ಳುತ್ತದೆ. ‘ರಿಕರ್ಶನ್’ ಎಂದು ಹುಡುಕಿದರೆ ‘ರಿಕರ್ಶನ್ ಎಂದಿರಾ?’ ಎಂದು ತಿರುಗಿ ಕೇಳುತ್ತದೆ; ತನ್ನನ್ನೇ ತಾನು ಕರೆದುಕೊಳ್ಳುವುದು ಎಂದು ಆ ಪದದ ಅರ್ಥ. 2022ರಲ್ಲಿ ‘ಆರ್‌ಆರ್‌ಆರ್’ ಸಿನಿಮಾದ ಹೆಸರು ಹಾಕಿದರೆ ಪುಟದ ಮೇಲೆ ಒಂದು ಬೈಕು, ಒಂದು ಕುದುರೆ ಓಡುತ್ತಿದ್ದವು. ಅದೇ ವರ್ಷ ದೀಪಾವಳಿಗೆ ಹಣತೆ ಬಂತು, ಒಂದನ್ನು ಮುಟ್ಟಿದರೆ ಉಳಿದವನ್ನು ಹಚ್ಚುತ್ತ ಹೋಗಬಹುದಿತ್ತು.

ಎಲ್ಲರಿಗೂ ಗೊತ್ತಿರುವುದು ಕ್ರೋಮ್ ಬ್ರೌಸರಿನ ಡೈನೋಸಾರ್. 2014ರಲ್ಲಿ ಬಂತು. ಇಂಟರ್‌ನೆಟ್ ಇಲ್ಲದಾಗ ಪುಟದ ಬದಲು ನಿಂತಿರುವ ಆ ಪ್ರಾಣಿಯನ್ನು ಕಂಡು ಬೈದುಕೊಂಡು ಮುಚ್ಚುವವರೇ ಹೆಚ್ಚು. ಸ್ಪೇಸ್ ಗುಂಡಿ ಒತ್ತಿದರೆ ಅದು ಪಾಪಾಸುಕಳ್ಳಿ ಹಾರುತ್ತ ಓಡುತ್ತದೆ. ಆಟ ಮುಗಿಯಲು ಸುಮಾರು 1.7 ಕೋಟಿ ವರ್ಷ ಬೇಕೆಂದು ಅದನ್ನು ಮಾಡಿದವರೇ ಲೆಕ್ಕ ಹೇಳಿದ್ದಾರೆ. ನೆಟ್ ಇಲ್ಲದ ಇತಿಹಾಸಪೂರ್ವ ಯುಗಕ್ಕೆ ವಾಪಸ್ ಹೋದಿರಿ ಎಂಬುದು ಅದರ ಕುಹಕ.

ದೊಡ್ಡ ಕಂಪನಿಗಳಿಗೇ ಇದು ಬೇಡವಾದದ್ದೂ ಉಂಟು. ಎಕ್ಸೆಲ್ 97ರ ಲೆಕ್ಕದ ಮನೆಗಳ ಕೆಳಗೆ ವಿಮಾನ ಹಾರಿಸುವ ಆಟವನ್ನೇ ಬಚ್ಚಿಟ್ಟಿದ್ದ ಮೈಕ್ರೋಸಾಫ್ಟ್, 2002ರ ಸುಮಾರಿಗೆ ಸುರಕ್ಷತೆಯ ಹೊಸ ಶಿಸ್ತು ತಂದಾಗ ಇಂಥವಕ್ಕೆಲ್ಲ ಬಾಗಿಲು ಹಾಕಿತು. ಯಾರಿಗೂ ಹೇಳದೆ ಆಟ ಇಟ್ಟವನು ಕಳ್ಳಗಿಂಡಿಯನ್ನೂ ಇಟ್ಟಿರಬಹುದಲ್ಲ ಎಂಬ ಅನುಮಾನ. ತಪ್ಪೇನೂ ಅಲ್ಲ. ಬ್ಯಾಂಕಿನ ಪುಟದಲ್ಲಿ ಹನಿ ಬಿದ್ದರೆ ನಾನೂ ಹೌಹಾರುತ್ತೇನೆ.

ಆದರೆ ಸಣ್ಣ ತಾಣಗಳಲ್ಲಿ ಇದು ಸಾಯುತ್ತಿರುವುದು ಸುರಕ್ಷತೆಯ ಕಾರಣಕ್ಕಲ್ಲ. ‘ಈಗ ಯಾರು ಮಾವ ತಾಣ ಕಟ್ಟುತ್ತಾರೆ? ಸಿದ್ಧ ಅಚ್ಚು ಸಿಗುತ್ತದೆ, ಹೆಸರು ಬದಲಿಸಿ ಕೊಡುತ್ತೇವೆ’ ಎಂದ. ರೆಡಿಮೇಡ್ ಕೋಣೆಯಲ್ಲಿ ಗೋಡೆಯ ಹಿಂದೆ ಜಾಗವಿರುವುದಿಲ್ಲ. ಪುಟ ಎಷ್ಟು ಚುರುಕಾಗಿ ತೆರೆಯಿತೆಂದು ಅಂಕ ಕೊಡುವ ಯಂತ್ರಗಳಿವೆ, ಅವಕ್ಕೆ ಹನಿಮಳೆಯೂ ಭಾರವೇ. ಕೆಲಸಕ್ಕೆ ಹಿಡಿದ ಗಂಟೆಗಳ ಲೆಕ್ಕದ ಪಟ್ಟಿಯಲ್ಲಿ ಕುಸುಂಬು ಎಂಬ ಕಾಲಂ ಇಲ್ಲ. ಮೂರು ಭಾನುವಾರ ಅವನ ಸ್ವಂತದ್ದು.

ನಾನು ಹೊರಡುವ ದಿನ ಹೇಳಿದ: ಪಂಪಿನವರ ತಾಣವೂ ಹೊಸದಾಗುತ್ತಿದೆ. ಮಗ ಕಂಪನಿ ನೋಡಿಕೊಳ್ಳುತ್ತಿದ್ದಾರೆ, ಬಿಳಿ ಹಿನ್ನೆಲೆ ಬೇಕಂತೆ.

ಮೈಸೂರಿಗೆ ಬಂದು ತಿಂಗಳ ಮೇಲೆ ಒಂದು ರಾತ್ರಿ ತೆರೆದು ನೋಡಿದೆ. ನೀಲಿ ಪಟ್ಟಿ ಇರಲಿಲ್ಲ. ಇಂಗ್ಲಿಷಿನಲ್ಲಿ ಎಂಟು ಅಕ್ಷರ ಒತ್ತಿದೆ. ಒಣ ಬಿಳಿ. ಅವನಿಗೆ ಫೋನ್ ಮಾಡಿದೆ.

‘ಹೋಗಲಿ ಬಿಡಿ ಮಾವ. ಅಂದಹಾಗೆ ಕನ್ನಡದಲ್ಲೂ ಎಂಟೇ ಅಲ್ವಾ?’ ಎಂದ. ಏನೆಂದು ಕೇಳುವ ಮೊದಲೇ ‘ಮೀಟಿಂಗ್ ಇದೆ’ ಎಂದು ಇಟ್ಟುಬಿಟ್ಟ. ರಾತ್ರಿ ಹತ್ತೂವರೆಗೆ ಎಂಥ ಮೀಟಿಂಗ್?

ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿ ಬೆರಳು ಎಣಿಸುತ್ತ ಒತ್ತಿದೆ. ಸ, ಗುಡಿಸು, ರ, ಕೊಂಬು, ವ, ಇಳಿ, ಣ, ಗುಡಿಸು. ಹೌದು, ಎಂಟೇ. ಏನೂ ಬೀಳಲಿಲ್ಲ. ಸಿರುವಾಣಿಯೋ ಶಿರುವಾಣಿಯೋ? ಕೊಯಮತ್ತೂರಿನ ಕನ್ನಡದವರು ಹೇಗೆ ಬರೆಯುತ್ತಾರೋ. ಮತ್ತೆ ಮೊದಲಿಂದ: ಶ, ಗುಡಿಸು, ರ, ಕೊಂಬು...